ಕೆರೆಗೆ ಬೇಲಿ ಹಾಕುವ ಮುನ್ನ: ಸಭೆಗೆ ಬಾರದವರನ್ನು ನಕ್ಷೆಗೆ ತರುವುದು ಹೇಗೆ?

ಪ್ರಶ್ನೆ: ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಬೆಂಗಳೂರಿನ ಅಂಚಿನ ಪುರಸಭೆಯೊಂದರ ಸುಮಾರು 30 ಎಕರೆ ಕೆರೆಯ ಅಭಿವೃದ್ಧಿಗೆ ನಮ್ಮ ಕಚೇರಿ ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡುತ್ತಿದೆ. ಸಾರ್ವಜನಿಕ ಸಭೆ ಕರೆದೆವು. ಬಂದವರೆಲ್ಲ ಹೊಸ ಬಡಾವಣೆ, ಅಪಾರ್ಟ್‌ಮೆಂಟ್‌ಗಳವರು. ವಾಕಿಂಗ್ ಟ್ರ್ಯಾಕ್, ಬೇಲಿ, ದೀಪ, ಓಪನ್ ಜಿಮ್ ಕೇಳಿದರು. ಕೆರೆಯಂಗಳದಲ್ಲಿ ದಿನಾ ಕಾಣುವ ಕುರಿಯವರು, ಹುಲ್ಲು ಕೊಯ್ಯುವ ಹೆಂಗಸರು, ಬಟ್ಟೆ ಒಗೆಯುವವರು, ಬಲೆ ಬಿಡುವವರು ಒಬ್ಬರೂ ಬರಲಿಲ್ಲ. ಅವರನ್ನು ವಿನ್ಯಾಸದೊಳಗೆ ತರುವುದು ಹೇಗೆ? ಪುರಸಭೆಯವರು ‘ಸೆಕ್ಯುರಿಟಿ’ ಎಂದು ಅಡ್ಡ ಹಾಕಿದರೆ ಏನು ಹೇಳಲಿ?

ಉತ್ತರ: ಬ್ಯಾನರ್ ಎಲ್ಲಿ ಕಟ್ಟಿದಿರಿ, ಸುದ್ದಿ ಯಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೋಯಿತು, ಸಭೆ ಎಷ್ಟು ಹೊತ್ತಿಗೆ ಇತ್ತು ಎಂಬುದರಲ್ಲೇ ಯಾರು ಬರುತ್ತಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕುರಿಯವರು ಕುರಿ ಹಿಂದೆ ಇರುತ್ತಾರೆ, ಹುಲ್ಲಿನವರು ಹೊರೆ ಹೊತ್ತು ಮನೆ ದಾರಿಯಲ್ಲಿರುತ್ತಾರೆ. ಹಾಗಾಗಿ ಇನ್ನೊಂದು ಸಭೆ ಕರೆದು ಪ್ರಯೋಜನವಿಲ್ಲ. ನಿಮ್ಮ ಕೆಲಸ ಸರ್ವೆ ನಕ್ಷೆಯಲ್ಲಿ ಶುರುವಾಗಿ ಎಸ್ಟಿಮೇಟ್‌ನಲ್ಲಿ ಮುಗಿಯಬೇಕು. ಈ ಜನ ಬೇಸ್ ಮ್ಯಾಪ್‌ನಲ್ಲಿ ಗುರುತಾಗಿ, ಬಿಒಕ್ಯುನಲ್ಲಿ (ಕಾಮಗಾರಿಯ ಐಟಂ, ಪ್ರಮಾಣಗಳ ಪಟ್ಟಿ) ಒಂದು ಐಟಂ ಆಗಿ, ನಿರ್ವಹಣೆ ಗುತ್ತಿಗೆಯಲ್ಲಿ ಒಂದು ಷರತ್ತಾಗಿ ಬಾರದಿದ್ದರೆ, ಸಭೆಯಲ್ಲಿ ಎಷ್ಟು ಒಳ್ಳೆಯ ಮಾತು ಬಂದಿದ್ದರೂ ಗೇಟಿನ ಗಾರ್ಡ್ ಅವರನ್ನು ವಾಪಸು ಕಳಿಸುತ್ತಾನೆ.

ಕಾಗದದಲ್ಲಿ ‘ಸಾರ್ವಜನಿಕ’ ಎಂದಿದ್ದು ದಡದಲ್ಲಿ ಹಾಗಿಲ್ಲದ ಕೆರೆ ನಮಗೆ ಹೊಸದಲ್ಲ. ಸಾರ್ವಜನಿಕ ಕೆರೆ, ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬೈ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾರಾಷ್ಟ್ರದ ಮಹಾಡ್ ಪುರಸಭೆಯೂ ಅದನ್ನು ಒಪ್ಪಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ಊರಿನ ಚವದಾರ್ ಕೆರೆಯ ನೀರು ಮುಟ್ಟಬೇಕಾಯಿತು. ನಮ್ಮ ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿ ದಲಿತ. ಅದೇ ಊರಿನ ಬಾವಿಯ ನೀರು ಅವನಿಗಿರಲಿಲ್ಲ. ಇದನ್ನು ಗೊತ್ತಿಟ್ಟುಕೊಂಡು ಕೆರೆಗೆ ಇಳಿಯಿರಿ. ‘ಊರಿನವರನ್ನು ಕೇಳಿದೆವು’ ಎಂದಾಗ ಕೇರಿಯವರನ್ನು ಕೇಳಿದಂತಾಗುವುದಿಲ್ಲ.

ಮೊದಲು ಬಳಕೆಯ ಸರ್ವೆ. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಉಪಕರಣ) ಸರ್ವೆಯಲ್ಲಿ ಏರಿ, ತೂಬು, ಕೋಡಿ, ಮರ, ಕಂಬ ಎಲ್ಲ ಬಂದಿರುತ್ತವೆ, ಕಾಲುದಾರಿ ಮಾತ್ರ ಬಂದಿರುವುದಿಲ್ಲ. 30 ಎಕರೆ ಎಂದರೆ ಸುಮಾರು 12 ಹೆಕ್ಟೇರ್. 1:1000 ಸ್ಕೇಲ್‌ನಲ್ಲಿ ಒಂದು ಎ2 ಹಾಳೆಗೆ ಹಿಡಿಯುತ್ತದೆ. ಅದರ ಪ್ರತಿಗಳನ್ನು ಹಿಡಿದು ಇಬ್ಬರು ಕೆರೆ ಸುತ್ತಬೇಕು. ಒಂದು ಕೆಲಸದ ದಿನ, ಒಂದು ಭಾನುವಾರ, ಒಂದು ಅಮಾವಾಸ್ಯೆ ಅಥವಾ ಊರಹಬ್ಬದ ದಿನ. ಪ್ರತಿ ದಿನವೂ ಬೆಳಿಗ್ಗೆ 5:30ರಿಂದ 8, ನಡುಹಗಲು 11ರಿಂದ 1, ಸಂಜೆ 4ರಿಂದ 7:30. ಯಾರು ಎಲ್ಲಿಂದ ಒಳಗೆ ಬಂದರು, ಏನು ಮಾಡಿದರು, ಎಷ್ಟು ಹೊತ್ತು ಇದ್ದರು, ಎಲ್ಲಿಂದ ಹೊರಗೆ ಹೋದರು ಎಂಬಿಷ್ಟನ್ನು ಗುರುತಿನಲ್ಲಿ ಹಾಕಿ. ಹೆಂಗಸರು, ಗಂಡಸರು, ಮಕ್ಕಳ ಲೆಕ್ಕ ಬೇರೆ ಬೇರೆ ಇರಲಿ.

ಜನ ಕಾಣದಿದ್ದಾಗಲೂ ನೆಲ ಹೇಳುತ್ತದೆ. ಗೊರಸಿನ ಗುರುತು ನೀರಿನವರೆಗೆ ಹೋಗಿದ್ದರೆ ಅದು ದನ ಇಳಿಯುವ ಜಾಗ. ಏರಿಯ ಒಳಮೈಯ ಒಂದೆರಡು ಕಲ್ಲು ಮಾತ್ರ ನುಣುಪಾಗಿ, ಬುಡದಲ್ಲಿ ಸೋಪಿನ ಬಿಳಿ ಕಲೆ ಕಟ್ಟಿದ್ದರೆ ಅದು ಒಗೆಯುವ ಕಲ್ಲು. ಜೊಂಡು ಒಂದೇ ಎತ್ತರಕ್ಕೆ ಕತ್ತರಿಸಿದಂತಿದ್ದರೆ ಅಲ್ಲಿ ಕುಡುಗೋಲು ಆಡಿದೆ. ಮರದ ಬುಡದ ಕಲ್ಲಿಗೆ ಅರಿಸಿನ ಕುಂಕುಮ ಇದ್ದರೆ ಅದಕ್ಕೊಂದು ಒಕ್ಕಲು ಇದೆ. ಅದನ್ನು ‘ಬಿಡಿ ಕಲ್ಲು’ ಎಂದು ನಕ್ಷೆಯಲ್ಲಿ ಬರೆದರೆ ಜೆಸಿಬಿಯವನು ಎತ್ತಿ ಎಸೆಯುತ್ತಾನೆ, ಆಮೇಲೆ ಕೆಲಸವೇ ನಿಲ್ಲುತ್ತದೆ. ತೇವದ ಅಂಚಿನಲ್ಲಿ ಹೊನಗೊನ್ನೆ, ಒಂದೆಲಗ ಕಿತ್ತ ಗುರುತುಗಳನ್ನೂ ನೋಡಿ. ಸೊಪ್ಪು ಕೀಳುವ ಮುದುಕಿಯರು ಯಾವ ಸರ್ವೆಯಲ್ಲೂ ಸಿಗುವುದಿಲ್ಲ, ಯಾಕೆಂದರೆ ಅವರು ಬಂದು ಹೋಗುವುದು ಅರ್ಧ ಗಂಟೆಯಲ್ಲಿ.

ಒಂದು ಎಚ್ಚರಿಕೆ. ಹೆಸರು ಬರೆಯಬೇಡಿ, ಮುಖ ಕಾಣುವ ಫೋಟೋ ಡಿಪಿಆರ್‌ಗೆ ಹಾಕಬೇಡಿ. ಇವತ್ತು ನೀವು ಒಳ್ಳೆಯ ಮನಸ್ಸಿನಿಂದ ಹಾಕಿದ ‘ಕೆರೆಯಂಗಳದಲ್ಲಿ ಮೇಯಿಸುತ್ತಿರುವವರು’ ಚಿತ್ರ ನಾಳೆ ಒತ್ತುವರಿ ಕಡತದಲ್ಲಿ ಸಾಕ್ಷಿಯಾಗಿ ಕೂರುತ್ತದೆ.

ಋತುವಿನ ವಿಷಯವೂ ಇದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಗಳ ಹುಲ್ಲುಗಾವಲು, ಮಳೆ ಬಂದ ಮೇಲೆ ಅದೇ ಜಾಗದಲ್ಲಿ ಮೀನು. ಡಿಪಿಆರ್‌ಗೆ ಸಿಗುವ ಎರಡು ಮೂರು ತಿಂಗಳಲ್ಲಿ ಇದೆಲ್ಲ ಕಣ್ಣಿಗೆ ಬೀಳುವುದಿಲ್ಲ. ಕೇಳಿ ತಿಳಿಯಬೇಕು, ಆದರೆ ‘ಮಾರ್ಚ್‌ನಲ್ಲಿ ನೀರು ಎಷ್ಟಿತ್ತು?’ ಎಂದರೆ ಉತ್ತರ ಬರುವುದಿಲ್ಲ. ‘ಶಿವರಾತ್ರಿ ಹೊತ್ತಿಗೆ ನೀರು ಎಲ್ಲಿತ್ತು? ಯುಗಾದಿಗೆ? ಗೌರಿ ಹಬ್ಬಕ್ಕೆ?’ ಎಂದು ಕೇಳಿ. ನಡೆದು ಹೋಗಿ ಕಾಲಲ್ಲೇ ತೋರಿಸುತ್ತಾರೆ. ಅಲ್ಲೇ ಗೂಟ ಹೊಡೆದು ಮಟ್ಟ ತೆಗೆದುಕೊಳ್ಳಿ. ಆ ಮೂರು ಗೂಟಗಳು ಮುಂದೆ ಇಳಿಜಾರುಗಳ ಲೆಕ್ಕಕ್ಕೆ ಬೇಕಾಗುತ್ತವೆ.

ಜೊತೆಗೆ ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ. ಚುಕ್ಕೆ ಗೆರೆಯ ಕಾಲುದಾರಿ, ಬಂಡಿದಾರಿಗಳು ಅದರಲ್ಲಿರುತ್ತವೆ. ದಾರಿ, ಹಳ್ಳ, ಸ್ಮಶಾನದಂಥ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಿಲ್ಲದ) ಜಾಗಗಳನ್ನು ಪಹಣಿಯೊಂದಿಗೆ ತಾಳೆ ನೋಡಿ. ಕೆರೆಯ ಪಕ್ಕದಲ್ಲೇ ದಲಿತರ ಸ್ಮಶಾನ ಇರುವುದು, ಅಲ್ಲಿಗೆ ಹೆಣ ಹೊರುವ ದಾರಿ ಏರಿಯ ಮೇಲೇ ಹೋಗುವುದು ಎಷ್ಟೋ ಊರುಗಳಲ್ಲಿ ಇದೆ. ಆ ಏರಿಗೆ ಎರಡೂ ಕಡೆ ಗೇಟು ಹಾಕಿ ಸಮಯ ನಿಗದಿ ಮಾಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸುತ್ತಲಿನ ಗುಂಡುತೋಪು, ಗೋಮಾಳ ಈಗ ಏನಾಗಿವೆ ಎಂದೂ ನೋಡಿ. ಅವು ಲೇಔಟ್ ಆಗಿದ್ದರೆ, ಮೇಯುವ ದನಕ್ಕೆ ಉಳಿದಿರುವುದು ಕೆರೆಯಂಗಳವೊಂದೇ.

ಇನ್ನು ಮಾತುಕತೆ. ಜಾಗ ಆರಿಸುವಾಗ ದೇವಸ್ಥಾನದ ಸಭಾಂಗಣ, ಊರ ಮುಖಂಡರ ಮನೆ ಜಗಲಿ ಬೇಡ. ಅಲ್ಲಿಗೆ ಬಾರದವರು ಯಾರೆಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಅವರು ಬರುವುದಂತೂ ಇಲ್ಲ. ಸರ್ಕಾರಿ ಶಾಲೆ ಅಂಗಳ, ಅಂಗನವಾಡಿ ಆಗಬಹುದು. ಎಲ್ಲಕ್ಕಿಂತ ಒಳ್ಳೆಯದು ಅವರು ಕೂರುವ ಮರದಡಿಗೇ ನೀವು ಹೋಗುವುದು. ಹೆಂಗಸರ ಜೊತೆ ಬೇರೆಯಾಗಿ ಮಾತಾಡಿ, ಅದಕ್ಕೆ ನಿಮ್ಮ ತಂಡದಲ್ಲಿ ಹೆಣ್ಣುಮಗಳಿರಲಿ. ಶೆಡ್‌ಗಳಲ್ಲಿರುವ ವಲಸೆ ಕುಟುಂಬಗಳಿದ್ದರೆ ತೆಲುಗು, ತಮಿಳು, ಉರ್ದು, ಹಿಂದಿ ಬಲ್ಲವರು ಬೇಕು. ಅರ್ಧ ದಿನ ನಿಲ್ಲಿಸಿಕೊಂಡರೆ ಅರ್ಧ ದಿನದ ಕೂಲಿ ಕೊಡಿ, ಅದನ್ನು ಸರ್ವೆ ವೆಚ್ಚದಲ್ಲೇ ತೋರಿಸಿ. ಮಣ್ಣು ಪರೀಕ್ಷೆಗೆ ದುಡ್ಡು ಕೊಡುವ ಕಚೇರಿ ಇದಕ್ಕೂ ಕೊಡಬಹುದು.

‘ನಿಮಗೇನು ಬೇಕು?’ ಎಂದು ಕೇಳಬೇಡಿ. ‘ರಸ್ತೆ ಮಾಡಿಕೊಡಿ ಸ್ವಾಮಿ’ ಎಂಬ ಉತ್ತರ ಬರುತ್ತದೆ, ಇಲ್ಲವೇ ನಿಮಗೆ ಹಿತವಾದದ್ದನ್ನೇ ಹೇಳುತ್ತಾರೆ. ‘ನಿನ್ನೆ ಎಲ್ಲಿ ಕೊಯ್ದಿರಿ, ಎಷ್ಟು ಹೊರೆ, ಎಷ್ಟು ದನಕ್ಕೆ? ಈ ದಾರಿ ಮುಚ್ಚಿದರೆ ಎಲ್ಲಿಂದ ಹೋಗುತ್ತೀರಿ?’ ಎಂದು ಕೇಳಿ. ನಕ್ಷೆ ಹಿಡಿದು ತೋರಿಸುವ ಬದಲು, ಟ್ರ್ಯಾಕ್, ಬೇಲಿ, ಗೇಟುಗಳನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಪೂರ್ಣ ಅಳತೆಗೆ ಎಳೆದು ಬಿಡಿ. ಕುರಿ ಹಿಂಡು ಅದರ ಮೇಲೆ ಒಮ್ಮೆ ಹಾದುಹೋಗಲಿ. ಎರಡು ಮೀಟರ್ ಗೇಟಿನಲ್ಲಿ ಹಿಂಡು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ ಗೊತ್ತಾಗುತ್ತದೆ, ಮತ್ತು ಕುರಿಯವರು ಬಾಯಿ ಬಿಡುವುದೂ ಅಲ್ಲೇ.

ವಿನ್ಯಾಸಕ್ಕೆ ಬರೋಣ. ಬೆಂಗಳೂರು ಮಾದರಿ ಎಂದು ಎಲ್ಲರೂ ನಕಲು ಮಾಡುವುದು ಬೋಗುಣಿ ಕೆರೆಯನ್ನು: ಸುತ್ತ ಏರಿಯಂಥ ದಿಬ್ಬ, ಅದರ ಮೇಲೆ ಟ್ರ್ಯಾಕ್, ಒಳಗೆ ಕಡಿದಾದ ಕಲ್ಲು ಹೊದಿಕೆ. ಇದರಲ್ಲಿ ಹೋಗುವುದು ಆಳ ಕಡಿಮೆಯ ಅಂಚು. ಮೇವು, ಸೊಪ್ಪು, ಮರಿಮೀನು, ನೀರಹಕ್ಕಿ ಎಲ್ಲ ಇರುವುದು ಆ ಅಂಚಿನಲ್ಲೇ. ಕಡಿದಾದ ಕಲ್ಲಿನ ಮೇಲಿಂದ ಜಾರಿದ ಮಗು ಹತ್ತಿ ಬರಲಾರದು, ಆದ್ದರಿಂದ ಬೇಲಿ ಬೇಕಾಗುತ್ತದೆ. ಹೀಗೆ ಅಪಾಯವನ್ನು ನಾವೇ ಕಟ್ಟಿ ಅದರ ಹೆಸರಲ್ಲಿ ಜನರನ್ನು ಹೊರಗಿಡುತ್ತೇವೆ. ಟ್ರ್ಯಾಕ್ ಕೆರೆಯನ್ನು ಪೂರ್ತಿ ಸುತ್ತಲೇಬೇಕೆಂಬ ಹಟ ಬಿಡಿ. ಏರಿಯ ಮೇಲೆ, ಬಡಾವಣೆಯ ಕಡೆ ಇರಲಿ. ನೀರು ಬಂದು ಸೇರುವ ಕಡೆ ದಡವನ್ನು 1:6 (ಒಂದು ಮೀಟರ್ ಇಳಿಯಲು ಆರು ಮೀಟರ್ ಉದ್ದ) ಇಲ್ಲವೇ ಇನ್ನೂ ಮಂದವಾಗಿ ಬಿಟ್ಟು ಅಲ್ಲಿಗೆ ಕಾಲುದಾರಿ ಸಾಕು.

ದನ, ಕುರಿ ನೀರಿಗಿಳಿಯಲು ಒಂದು ಇಳಿಜಾರು ಬೇಕು: ಅಗಲ 3ರಿಂದ 4 ಮೀಟರ್, ಇಳಿಜಾರು 1:8ರಿಂದ 1:10, ಒರಟು ಮೈಯ ಸೈಜುಗಲ್ಲು, ಅಡ್ಡಸಾಲಿನಲ್ಲಿ, ನಡುವೆ ಗೊರಸು ಹಿಡಿಯುವಷ್ಟು ಸಂದು. ಪಾಲಿಶ್ ಚಪ್ಪಡಿ, ನುಣುಪು ಕಾಂಕ್ರೀಟ್ ಬೇಡ, ಪಾಚಿ ಕಟ್ಟಿದ ಮೇಲೆ ದನ ಜಾರಿ ಕಾಲು ಮುರಿಯುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಇಳಿಜಾರನ್ನು ಕೋಡಿ ಮಟ್ಟಕ್ಕೆ ಕಟ್ಟಿ ನಿಲ್ಲಿಸುವುದು. ಯುಗಾದಿ ಹೊತ್ತಿಗೆ ನೀರು ಅಲ್ಲಿಂದ ಎಷ್ಟೋ ದೂರ ಹೋಗಿರುತ್ತದೆ, ಕಲ್ಲಿನ ಕೊನೆಗೂ ನೀರಿಗೂ ನಡುವೆ ಹೂಳು, ಅದರಲ್ಲಿ ದನ ಹೂತುಕೊಳ್ಳುತ್ತದೆ. ನೀವು ಹೊಡೆದ ಬೇಸಿಗೆಯ ಗೂಟದವರೆಗೂ ಕಲ್ಲು ಹೋಗಬೇಕು, ತುದಿಗೆ ಅಡ್ಡಗೋಡೆ ಬೇಕು. ಅಷ್ಟು ಉದ್ದಕ್ಕೆ ದುಡ್ಡಿಲ್ಲವೆಂದರೆ ಮೇಲೆಯೇ ನೀರಿನ ತೊಟ್ಟಿ ಕಟ್ಟಿ, ಅರ್ಧ ಮಾಡಬೇಡಿ.

ಮೇವಿನ ವಿಷಯದಲ್ಲಿ ಪುರಸಭೆಯ ಲಾಭ, ಹುಲ್ಲಿನವರ ಲಾಭ ಒಂದೇ. ನೀರು ಸೇರುವ ಕಡೆ ಜೊಂಡಿನ ತೇವಭೂಮಿ ಮಾಡಿದರೆ ಅದನ್ನು ಆಗಾಗ ಕೊಯ್ದು ಹೊರಗೆ ಹಾಕಲೇಬೇಕು, ಇಲ್ಲದಿದ್ದರೆ ಕೊಳೆತು ಹೀರಿಕೊಂಡ ಪೋಷಕಾಂಶವೆಲ್ಲ ಮತ್ತೆ ನೀರಿಗೇ ಬರುತ್ತದೆ. ಆದರೆ ಕೊಳಚೆ ಹರಿಯುವ ಕಡೆ ಬೆಳೆದದ್ದನ್ನು ಮೇವೆಂದು ಕೊಡುವುದು ಸರಿಯಲ್ಲ. ಸೀಸ, ಕ್ಯಾಡ್ಮಿಯಂನಂಥವು ಸೊಪ್ಪಿನಲ್ಲಿ, ಅಲ್ಲಿಂದ ಹಾಲಿನಲ್ಲಿ ಸೇರಬಹುದು. ಮೇಲುಗಡೆ ಗಾರ್ಮೆಂಟ್ ಡೈಯಿಂಗ್, ಲೋಹಲೇಪದ ಘಟಕಗಳಿದ್ದರೆ ಗಿಡವನ್ನೂ ಹೂಳನ್ನೂ ಪರೀಕ್ಷೆಗೆ ಕಳಿಸಿ. ಒಳಹರಿವಿನ ಜೊಂಡು ಗೊಬ್ಬರದ ಗುಂಡಿಗೂ ಬೇಡ, ಹೊರಗೆ ಹೋಗಲಿ. ಮೇವಿನ ಪಟ್ಟಿಯನ್ನು ದೂರದ ದಡದಲ್ಲಿ, ಏರಿಯ ಹೊರಮೈಯಲ್ಲಿ ಬೆಳೆಸಿ. ಅಲ್ಲಿ ಲಾನ್ ಹಾಸಿದರೆ ಅದಕ್ಕೆ ನೀರು, ಮೋವರ್, ಮಾಲಿ ಬೇಕು. ಗರಿಕೆಯೋ ನೇಪಿಯರೋ ಇದ್ದರೆ ಕೊಯ್ಯಲು ಜನ ತಾವೇ ಬರುತ್ತಾರೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಜೀರ್ಣೋದ್ಧಾರ ಮಾಡುವಾಗ ಹುಲ್ಲು ಕೊಯ್ಯುವವರಿಗೆ ಅವಕಾಶ ಉಳಿಸಿಕೊಂಡರು. ಸಂಸ್ಕರಿಸಿದ ನೀರು ತೇವಭೂಮಿ ದಾಟಿ ಸೇರುವ ಜಕ್ಕೂರು ಕೆರೆಯಲ್ಲಿ ಮೀನುಗಾರಿಕೆ ನಡೆಯುತ್ತಿದೆ. ಪುರಸಭೆಯ ಎಂಜಿನಿಯರ್‌ಗೆ ಎರಡನ್ನೂ ತೋರಿಸಿಕೊಂಡು ಬನ್ನಿ, ನೂರು ಸ್ಲೈಡ್‌ಗಿಂತ ಅದು ವಾಸಿ.

ಮೀನಿನವರನ್ನು ಕೇಳದೆ ಕಾರಂಜಿ, ತೇಲುವ ದ್ವೀಪ ಹಾಕಬೇಡಿ, ಅವುಗಳ ಹಗ್ಗ, ಲಂಗರಿಗೆ ಬಲೆ ಸಿಕ್ಕಿ ಹರಿಯುತ್ತದೆ. ತೆಪ್ಪ ಎಳೆದು ನಿಲ್ಲಿಸಲು, ಬಲೆ ಹರಡಲು ನೆರಳಿರುವ ಸಮತಟ್ಟು ಜಾಗ, ಅಲ್ಲಿಗೆ ಲಗೇಜ್ ಆಟೋ ಬರುವಷ್ಟು ದಾರಿ ಸಾಕು. ಮೀನು ಹಿಡಿಯುವ ಹಕ್ಕು ಯಾರ ಹೆಸರಲ್ಲಿದೆ, ನಿಜವಾಗಿ ಬಲೆ ಬಿಡುವವರು ಯಾರು ಎಂಬೆರಡನ್ನೂ ಕೇಳಿ. ಟೆಂಡರ್ ಹಿಡಿದವನು ಬೇರೆ, ನೀರಿಗಿಳಿಯುವವರು ಬೇರೆ ಇರುತ್ತಾರೆ.

ಬಟ್ಟೆ ಒಗೆಯುವುದು ಕಷ್ಟದ ವಿಷಯ. ಸೋಪಿನ ನೀರು ನೇರ ಕೆರೆಗೆ ಹೋಗುವುದನ್ನು ಸಮರ್ಥಿಸಲಾಗದು. ಹಾಗೆಂದು ಮಡಿವಾಳರನ್ನು ಓಡಿಸಿ ಮೇಲಿನ ಅಪಾರ್ಟ್‌ಮೆಂಟ್‌ನ ವಾಷಿಂಗ್ ಮೆಷಿನ್ ನೀರು ರಾಜಕಾಲುವೆಯಲ್ಲಿ ಬರುವುದನ್ನು ನೋಡುತ್ತ ಕೂರುವುದಂತೂ ನ್ಯಾಯವಲ್ಲ. ಕೋಡಿ ಮಟ್ಟಕ್ಕಿಂತ ಮೇಲೆ ಕಟ್ಟೆ, ಅದಕ್ಕೆ ಬೋರ್‌ವೆಲ್ ಅಥವಾ ಸಂಸ್ಕರಿಸಿದ ನೀರಿನ ನಲ್ಲಿ, 100ಕ್ಕೆ 2ರ ಇಳಿಜಾರಿನ ನೆಲ, ನಾರು ತಡೆಯುವ ಜಾಲರಿ ಗುಂಡಿ, ಅಲ್ಲಿಂದ ಯುಜಿಡಿಗೆ (ಒಳಚರಂಡಿ) ಸಂಪರ್ಕ. ಯುಜಿಡಿ ಇಲ್ಲದಿದ್ದರೆ ಜಲ್ಲಿ ತುಂಬಿ ಕ್ಯಾನಾ, ಬಾಳೆ ನೆಟ್ಟ ಹಾಸು. ಕಲ್ಲಿನ ಎತ್ತರ, ಓರೆ ಎಷ್ಟಿರಬೇಕೆಂದು ನೀವು ನಿರ್ಧರಿಸಬೇಡಿ. ಅವರ ಹಳೆಯ ಕಲ್ಲನ್ನೇ ಅಳೆದುಕೊಳ್ಳಿ, ಸಾಧ್ಯವಾದರೆ ಅದನ್ನೇ ತಂದು ಕೂರಿಸಿ.

ಬೇಲಿ ಬೇಕೇ ಬೇಕೆಂದರೆ, ಬಳಕೆ ಸರ್ವೆಯಲ್ಲಿ ದಾರಿ ದಾಟಿದ ಪ್ರತಿ ಕಡೆಯೂ ಕಿಂಡಿ ಬಿಡಿ. ದನ ತಡೆಯುವ ತಿರುಗುಗೇಟು ಹಾಕಿದರೆ ಗಾಲಿಕುರ್ಚಿ, ತಳ್ಳುಗಾಡಿ, ತುಂಬು ಬಸುರಿ ಎಲ್ಲರೂ ಹೊರಗೇ. ಕಿಂಡಿಯಲ್ಲಿ ನೆಡುವ ಗೂಟಗಳ ನಡುವೆ 900 ಮಿ.ಮೀ.ಗಿಂತ ಕಡಿಮೆ ಇದ್ದರೆ ಗಾಲಿಕುರ್ಚಿ ನುಸುಳದು. 1200 ಬಿಟ್ಟರೆ ಬೈಕೂ ನುಗ್ಗುತ್ತದೆ, ಅದನ್ನು ತಡೆಯಲು ಎರಡನೆಯ ಸಾಲು ಗೂಟಗಳನ್ನು ಒಂದೂವರೆ ಮೀಟರ್ ಹಿಂದೆ, ಓರೆಯಾಗಿ ಇಡಿ. ಏರಿ ಹತ್ತಲು 1:12 ಇಳಿಜಾರು ಎಂದು ಎಲ್ಲರೂ ಬರೆಯುತ್ತಾರೆ, ಲೆಕ್ಕ ಹಾಕುವವರು ಕಡಿಮೆ. ಮೂರು ಮೀಟರ್ ಏರಿಗೆ 36 ಮೀಟರ್ ರ‍್ಯಾಂಪ್, 750 ಮಿ.ಮೀ. ಏರಿದಲ್ಲೆಲ್ಲ ಒಂದೂವರೆ ಮೀಟರ್ ತಂಗುಕಟ್ಟೆ ಎಂದರೆ ನಡುವೆ ಮೂರು, ಒಟ್ಟು 40.5 ಮೀಟರ್. ಇಷ್ಟು ಜಾಗವನ್ನು ಮೊದಲೇ ಹಿಡಿದಿಡದಿದ್ದರೆ ಕೊನೆಗೆ 1:6ರ ಜಾರುಬಂಡಿ ಕಟ್ಟಿ ಅದಕ್ಕೆ ಗಾಲಿಕುರ್ಚಿಯ ಬೋರ್ಡು ಹಾಕುತ್ತಾರೆ. ಶೌಚಾಲಯದೊಳಗೆ 1500 ಮಿ.ಮೀ. ತಿರುಗುವ ಜಾಗ, 900ರ ಬಾಗಿಲು ಇರಲಿ. ಪೌರಕಾರ್ಮಿಕರು, ಮಾಲಿಗಳು ಬಟ್ಟೆ ಬದಲಿಸಿ ಊಟ ಮಾಡಲು ಒಂದು ಕೋಣೆಯನ್ನು ಅದೇ ಕಟ್ಟಡಕ್ಕೆ ಸೇರಿಸಿ. ಪಂಪ್‌ರೂಮಿನ ಹಿಂದೆ ಗೋಣಿಚೀಲ ಹಾಸಿಕೊಂಡು ಉಣ್ಣುವುದನ್ನು ಎಲ್ಲ ಪಾರ್ಕಿನಲ್ಲೂ ನೋಡಬಹುದು.

ಬೀದಿ ವ್ಯಾಪಾರಿಗಳು ಗೇಟಿಗೆ ಬಂದೇ ಬರುತ್ತಾರೆ. ಪಾದಚಾರಿಗೆ 1.8 ಮೀಟರ್ ಬಿಟ್ಟು ಅದರಾಚೆಗೆ ಕಟ್ಟೆ, ನಲ್ಲಿ, ದೀಪ, ಕಸದ ಡಬ್ಬಿ ಕೊಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದಷ್ಟು ಸದಸ್ಯರು ಚುನಾಯಿತ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮ ಪುರಸಭೆಯಲ್ಲಿ ಸಮಿತಿ ಇದ್ದರೆ ನಕ್ಷೆಯನ್ನು ಅದರ ಮುಂದಿಡಿ.

‘ಸೆಕ್ಯುರಿಟಿ’ಗೆ ಉತ್ತರ: ನಡುಹಗಲು ಬೀಗ ಹಾಕಿದ ಕೆರೆಯಲ್ಲಿ ನೋಡುವ ಕಣ್ಣಿರುವುದಿಲ್ಲ. ಕುರಿಯವರು, ಹುಲ್ಲಿನವರು ದಿನವಿಡೀ ಇದ್ದಾಗ ಟ್ಯಾಂಕರ್ ಬಂದು ಕೊಳಚೆ ಸುರಿದರೆ ಮೊದಲು ಗೊತ್ತಾಗುವುದು ಅವರಿಗೆ. ನಡುಹಗಲು ಪಾರ್ಕು ಮುಚ್ಚುವ ರೂಢಿಯನ್ನು ಬೆಂಗಳೂರೇ 2024ರಲ್ಲಿ ಬಿಟ್ಟು, ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೊರಟಿತು. ಮನೆಗೆಲಸದವರು, ಡೆಲಿವರಿ ಹುಡುಗರು ನೆರಳಿಗೆ ಕೂರುವುದು ಆ ಮುಚ್ಚಿದ ಹೊತ್ತಿನಲ್ಲೇ. ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಟಿಕೆಟ್ ಇಡುವ ಮಾತು ಬಂದರೆ, ಬೆಂಗಳೂರಿನ ಕೆರೆಗಳ ಗುತ್ತಿಗೆ ವಿರುದ್ಧ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಸಲ್ಲಿಸಿದ ಅರ್ಜಿ ಮತ್ತು ಹೈಕೋರ್ಟಿನ 2012ರ ಏಪ್ರಿಲ್ ತೀರ್ಪನ್ನು ಮೇಜಿನ ಮೇಲಿಡಿ.

ಇದೆಲ್ಲ ಉಳಿಯುವುದು ಬಿಒಕ್ಯುನಲ್ಲಿ. ‘ದನ ಇಳಿಯುವ ಕಲ್ಲು ಇಳಿಜಾರು’, ‘ಒಗೆಯುವ ಕಟ್ಟೆ’, ‘ಬಲೆ ಒಣಗಿಸುವ ಅಂಗಳ’ ಎಂದು ಹೆಸರು ಹಿಡಿದು ಪ್ರತ್ಯೇಕ ಐಟಂ ಬರೆಯಿರಿ. ‘ಲ್ಯಾಂಡ್‌ಸ್ಕೇಪ್ ಕಾಮಗಾರಿ, ಲಂಪ್‌ಸಮ್’ ಎಂಬುದರಲ್ಲಿ ಸೇರಿಸಿದರೆ, ದುಡ್ಡು ಕಮ್ಮಿ ಬಿದ್ದಾಗ ಮೊದಲು ಬೀಳುವುದು ಇವೇ. ಗಜೀಬೊ, ಸೆಲ್ಫಿ ಪಾಯಿಂಟ್ ಬೀಳುವುದಿಲ್ಲ. ನಿರ್ವಹಣೆ ಟೆಂಡರ್‌ನಲ್ಲಿ ಗಾರ್ಡ್ ಯಾರ್ಯಾರನ್ನು ತಡೆಯುವಂತಿಲ್ಲ ಎಂಬುದನ್ನು ಬರೆಯಿರಿ, ಗೇಟಿನ ಬೋರ್ಡಿನಲ್ಲೂ ಅದೇ ಇರಲಿ. ಹುಲ್ಲಿನವರಿಗೆ ಗುರುತಿನ ಚೀಟಿ ಕೊಡೋಣ ಎಂಬ ಸಲಹೆ ಬರುತ್ತದೆ. ಒಪ್ಪುವ ಮುನ್ನ ಯೋಚಿಸಿ: ಚೀಟಿ ಹಂಚುವವನು ಆರು ತಿಂಗಳಲ್ಲಿ ಹುಲ್ಲಿನ ಯಜಮಾನನಾಗುತ್ತಾನೆ, ಆಮೇಲೆ ಹುಲ್ಲು ಹರಾಜಿಗೆ ಬರುತ್ತದೆ. ಕೊಯ್ಯುವ ಜಾಗ, ಹೊತ್ತು ಗೊತ್ತು ಮಾಡಿದರೆ ಸಾಕು.

ಅಂಗಳದಲ್ಲಿ ಗುಡಿಸಲುಗಳಿದ್ದರೆ ಅವನ್ನು ನಕ್ಷೆಯಲ್ಲಿ ‘ಖಾಲಿ ಜಾಗ’ ಎಂದು ಬಣ್ಣ ಬಳಿಯಬೇಡಿ. ಎಷ್ಟು ಮನೆ, ಎಲ್ಲಿಗೆ ಪುನರ್ವಸತಿ ಎಂಬುದು ಟೆಂಡರ್‌ಗೆ ಮುಂಚೆ ಬರಹದಲ್ಲಿ ತೀರ್ಮಾನವಾಗಲಿ. ಅದಾಗದೆ ಆ ಭಾಗದ ಡ್ರಾಯಿಂಗ್‌ಗೆ ಸಹಿ ಹಾಕದಿರುವ ಅಧಿಕಾರ ನಿಮ್ಮ ಕಚೇರಿಗಿದೆ. ಕೆರೆಗೆ ಸೇರಿದ ಜಾಗದಲ್ಲಿ ಲೇಔಟ್ ಮಾಡಿದವರ ಸರ್ವೆ ನಂಬರುಗಳನ್ನೂ ಅದೇ ಹಾಳೆಯಲ್ಲಿ, ಅದೇ ಬಣ್ಣದಲ್ಲಿ ತೋರಿಸಿ.

ಕೊನೆಯದಾಗಿ, ಕೆಲಸ ಮುಗಿದ ಮೇಲೆ ಗುತ್ತಿಗೆದಾರನ ದೋಷ ಹೊಣೆಯ ಅವಧಿ (ಕೆಲಸದ ದೋಷಗಳನ್ನು ಅವನೇ ಸರಿಪಡಿಸಬೇಕಾದ ಕಾಲ) ಎಷ್ಟೆಂದು ಕರಾರಿನಲ್ಲಿ ನೋಡಿಕೊಳ್ಳಿ. ಅದು ಮುಗಿಯುವ ಎರಡು ತಿಂಗಳ ಮುಂಚೆ ಅದೇ ಎ2 ಹಾಳೆ, ಅದೇ ಹೊತ್ತುಗಳಲ್ಲಿ ಇನ್ನೊಮ್ಮೆ ಎಣಿಕೆ ಮಾಡಿ. ಹುಲ್ಲಿನವರು ಅರ್ಧಕ್ಕರ್ಧ ಕಡಿಮೆಯಾಗಿದ್ದರೆ ಯಾವ ಗೇಟಿನಲ್ಲಿ ನಿಂತರೆಂದು ಹುಡುಕಿ. ಎದ್ದ ಕಲ್ಲು, ಕಟ್ಟಿಕೊಂಡ ಜಾಲರಿ, ಇಳಿಜಾರು ತಪ್ಪಿದ ನೆಲ ಇಂಥವನ್ನು ಹಿಡಿದಿಟ್ಟ ಠೇವಣಿ ಬಿಡುಗಡೆಯಾಗುವ ಮುನ್ನ ಗುತ್ತಿಗೆದಾರನಿಂದಲೇ ಸರಿಪಡಿಸಬಹುದು. ಗೇಟಿನ ಜಾಗವೇ ತಪ್ಪಾಗಿದ್ದರೆ ಅದು ವಿನ್ಯಾಸದ ತಪ್ಪು, ಖರ್ಚು ಪುರಸಭೆಯದು. ಅದಕ್ಕಾಗಿ ಮೂಲ ಎಸ್ಟಿಮೇಟ್‌ನಲ್ಲೇ ‘ಬಳಕೆಯ ನಂತರದ ಮಾರ್ಪಾಡು’ ಎಂದು ಶೇಕಡಾ ಎರಡು ಮೂರರಷ್ಟನ್ನು ಈಗಲೇ ತೆಗೆದಿಡಿಸಿ.